ಸ್ಪಷ್ಟನೆ: ಫೋಮ್ ತುಂಬಿದರೆ ಕಿಟಕಿ ಸೋರುವುದಿಲ್ಲವೇ?

ಹಳೆ ಮನೆಗೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಕೂರಿಸಿ ಸುತ್ತ ಪಿಯು ಫೋಮ್ (ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ನೊರೆ) ತುಂಬಿದರೆ ಸಾಕು, ಮಳೆ ನೀರು ಒಳಬರುವುದಿಲ್ಲ ಎಂಬ ಮಾತು ಓಡಾಡುತ್ತಿದೆ. ತಪ್ಪು. ಫೋಮ್ ಸಂದು ತುಂಬುತ್ತದೆ, ಮಳೆ ತಡೆಯುವ ಸೀಲೆಂಟ್ ಅಲ್ಲ. ಬಿಸಿಲಿಗೆ ಬಿಟ್ಟರೆ ಹಳದಿಯಾಗಿ ಪುಡಿಯಾಗುತ್ತದೆ. ಗಟ್ಟಿಯಾದ ಮೇಲೆ ಹೊರ ಅಂಚು ಕತ್ತರಿಸಿ, ಬ್ಯಾಕರ್ ರಾಡ್ (ಸಂದಿಗೆ ತುರುಕುವ ಮೆತ್ತನೆಯ ಫೋಮ್ ಹಗ್ಗ) ಒತ್ತಿ, ಅದರ ಮೇಲೆ ನ್ಯೂಟ್ರಲ್ ಸಿಲಿಕೋನ್ (ಒಣಗುವಾಗ ಆಮ್ಲ ಬಿಡದ ಸೀಲೆಂಟ್) ಎಳೆಯಲೇಬೇಕು.

ಗಾರೆ ಗೋಡೆಯ ಕಿಂಡಿ ನೇರವಿರುವುದು ಅಪರೂಪ. ಅಗಲ, ಎತ್ತರ ಎರಡನ್ನೂ ಮೂರು ಕಡೆ ಅಳೆದು, ಚಿಕ್ಕ ಅಳತೆಯಿಂದ 10 ಮಿ.ಮೀ. ಕಳೆದು ಚೌಕಟ್ಟು ಮಾಡಿಸಿ.

ಇನ್ನು ಸ್ಲೈಡಿಂಗ್ ಕಿಟಕಿ ಸೋರಿದರೆ ಮೊದಲು ನೋಡಬೇಕಾದ್ದು ಕೆಳ ಚೌಕಟ್ಟಿನ ನೀರುಗಂಡಿಗಳನ್ನು (ನೀರು ಹೊರಹೋಗುವ ತೂತುಗಳನ್ನು). ಸಿಮೆಂಟ್ ಮೆತ್ತುವವರು (ಅಂದಕ್ಕಾಗಿಯೇ!) ಅವನ್ನು ಮುಚ್ಚಿಬಿಡುತ್ತಾರೆ, ಹಳಿಯಲ್ಲಿ ನಿಂತ ನೀರು ಒಳಗೇ ಉಕ್ಕುತ್ತದೆ. ಸಿಲಿಕೋನ್ ಒಣಗಿದ ಮೇಲೆ ಹಳಿಗೆ ಒಂದು ಚೊಂಬು ನೀರು ಸುರಿಯಿರಿ. ಅಷ್ಟೂ ಹೊರಗೆ ಹರಿಯಬೇಕು.