ಚೊತ್ತೊ ಅಂದರೆ ಸ್ವಲ್ಪ

ಜಪಾನಿ ಭಾಷೆ ಕಲಿಯೋಕೆ ಕೂತ ಮೊದಲ ತಿಂಗಳಲ್ಲೇ ‘ಚೊತ್ತೊ’ ಅನ್ನೋ ಪದ ಸಿಗುತ್ತೆ. ಅರ್ಥ ಸುಲಭ: ಸ್ವಲ್ಪ. ಅದಕ್ಕೆ ಇನ್ನೊಂದು ಅರ್ಥವೂ ಇದೆ ಅಂತ ನನಗೆ ಗೊತ್ತಾಗಿದ್ದು ಟೋಕಿಯೊದ ಒಂದು ರೈಲು ನಿಲ್ದಾಣದ ಸೋಬಾ ಅಂಗಡಿಯಲ್ಲಿ, ಹೊಟ್ಟೆ ಚುರುಗುಟ್ಟುತ್ತಾ ನಿಂತಿದ್ದಾಗ.

ಸೋಬಾ ಅಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ. ಬಿಸಿ ಸಾರಿನಲ್ಲಿ ಮುಳುಗಿಸಿ ಕೊಡ್ತಾರೆ. ನಾನು ಸಸ್ಯಾಹಾರಿ. ಆ ಸಾರಿಗೆ ಬುನಾದಿಯೇ ಹೊಗೆಯಲ್ಲಿ ಒಣಗಿಸಿದ ಮೀನಿನ ಚಕ್ಕೆ ಅಂತ ಅಷ್ಟರಲ್ಲಿ ಯಾರೋ ಹೇಳಿದ್ದರು. ಹಿಂದಿನ ರಾತ್ರಿ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಕೌಂಟರಿನವರ ಮುಂದೆ ಒಪ್ಪಿಸಿದೆ: ಸಾರು ಬೇಡ, ಬರೀ ಶಾವಿಗೆಗೆ ಸೋಯಾ ಸಾಸ್ ಹಾಕಿ ಕೊಡ್ತೀರಾ? ಆತ ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ‘ಸೊರೆ ವಾ ಚೊತ್ತೊ...’ ಅಂದು ನಿಲ್ಲಿಸಿದರು. ‘ಅದು ಸ್ವಲ್ಪ...’ ಸ್ವಲ್ಪ ಏನು? ಸ್ವಲ್ಪ ತಡವಾಗುತ್ತಾ? ಸ್ವಲ್ಪ ದುಡ್ಡು ಜಾಸ್ತಿಯಾಗುತ್ತಾ? ನಾನು ಮುಂದಿನ ಮಾತಿಗೆ ಕಾಯ್ತಾ ನಿಂತೆ. ಆತನೂ ನಾನು ಹೋಗಲಿ ಅಂತ ಕಾಯ್ತಾ ನಿಂತರು. ಹಿಂದೆ ಸಾಲು ಬೆಳೀತು. ಕೊನೆಗೆ ಹಿಂದಿದ್ದ ಮುದುಕರೊಬ್ಬರು ಮೆಲ್ಲಗೆ ಕೈ ಅಡ್ಡಡ್ಡ ಆಡಿಸಿದಾಗ ತಿಳೀತು. ಆ ವಾಕ್ಯಕ್ಕೆ ಮುಂದಿನ ಭಾಗವೇ ಇಲ್ಲ. ‘ಸ್ವಲ್ಪ’ ಅಂದರೆ ಆಗೋದಿಲ್ಲ.

ಇದಾಗಿ ಹನ್ನೊಂದು ವರ್ಷ. ಈಗಲೂ ವರ್ಷಕ್ಕೊಮ್ಮೆ ಬೆಂಗಳೂರಿಗೆ ಬಂದಾಗ, ಹನುಮಂತನಗರದ ಮನೆಯಿಂದ ಇಳಿದು ಯಾವುದಾದರೂ ದರ್ಶಿನಿ ಮುಂದೆ ನಿಂತರೆ ಮೊದಲು ಕಿವಿಗೆ ಬೀಳೋದು ಇದೇ ಪದ. ಸ್ವಲ್ಪ ಚಟ್ನಿ ಹಾಕಿ. ಸ್ವಲ್ಪ ಗರಿಗರಿಯಾಗಿರಲಿ. ಸ್ವಲ್ಪ ಬಿಸಿ ಇದೆಯಾ ನೋಡಿ. ಅಲ್ಲಿ ಬಾಗಿಲು ಹಾಕೋ ಪದ ಇಲ್ಲಿ ಬಾಗಿಲು ತೆಗೆಯುತ್ತೆ. (‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನೋದನ್ನ ಟೀ ಶರ್ಟಿನ ಮೇಲೆಲ್ಲ ಅಚ್ಚು ಹಾಕಿ ಸವೆಸಿಬಿಟ್ಟಿದ್ದಾರೆ, ಅದನ್ನ ಬಿಡೋಣ.)

ವಿಚಿತ್ರ ಅಂದರೆ ಈ ಎರಡು ಜಾಗಗಳು ನೋಡೋಕೆ ಅಣ್ಣ ತಮ್ಮಂದಿರ ಹಾಗಿವೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ‘ಕೆಫೆ ದರ್ಶಿನಿ’ ಶುರು ಮಾಡಿದಾಗ ಬೆಂಗಳೂರಿಗೆ ಅದು ಹೊಸ ಪದ್ಧತಿ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಮೊದಲು ದುಡ್ಡು ಕೊಟ್ಟು ಚೀಟಿ ತಗೋ, ಕೌಂಟರಿನಲ್ಲಿ ಕೊಡು, ನಿಂತು ತಿನ್ನು, ಹೊರಡು. ಟೋಕಿಯೊದ ನಿಂತು ತಿನ್ನೋ ಸೋಬಾ ಅಂಗಡಿಯೂ ಹೆಚ್ಚುಕಡಿಮೆ ಇದೇ. ಗಲ್ಲಾಪೆಟ್ಟಿಗೆ ಬದಲು ಬಾಗಿಲಲ್ಲಿ ಚೀಟಿ ಕೊಡುವ ಯಂತ್ರ. ಗುಂಡಿ ಒತ್ತು, ಚೀಟಿ ಕೊಡು, ತಿನ್ನು, ತಟ್ಟೆ ವಾಪಸ್ಸಿಡು.

ಹಾಗಾಗಿ ಒಮ್ಮೆ ಕಚೇರಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಜಪಾನಿ ಸಹೋದ್ಯೋಗಿಯನ್ನ ದರ್ಶಿನಿಗೆ ಕರಕೊಂಡು ಹೋಗೋಕೆ ನನಗೆ ಅಳುಕಿರಲಿಲ್ಲ. ನನಗಿಂತ ಚೆನ್ನಾಗಿ ನಿಂತು, ನನಗಿಂತ ಬೇಗ ಇಡ್ಲಿ ಮುಗಿಸಿದ. ಆಮೇಲೆ ಕಾಫಿ ಕೌಂಟರಿನ ಹತ್ತಿರ ಬೆಪ್ಪಾಗಿ ನಿಂತುಬಿಟ್ಟ. ಐದು ಜನ ಚೀಟಿ ಚಾಚಿದ್ದರು. ಒಬ್ಬರು ‘ಸ್ಟ್ರಾಂಗ್’, ಇನ್ನೊಬ್ಬರು ‘ಸಕ್ಕರೆ ಬೇಡ, ಹಾಲು ಕಮ್ಮಿ’, ಮೂರನೆಯವರು ‘ಬೈ ಟೂ, ಒಂದರಲ್ಲಿ ಸಕ್ಕರೆ’, ಅಜ್ಜಿಯೊಬ್ಬರು ‘ತುಂಬಾ ಬಿಸಿ ಬೇಡಪ್ಪಾ’, ಕೊನೆಯವನು ಫೋನಿನಲ್ಲಿ ಮಾತಾಡ್ತಾ ಬರೀ ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದ. ಅದು ಸಕ್ಕರೆ ಬಗ್ಗೆಯೋ ಹಾಲಿನ ಬಗ್ಗೆಯೋ ನನಗಂತೂ ತಿಳೀಲಿಲ್ಲ, ಕಾಫಿ ಹಾಕೋ ಹುಡುಗನಿಗೆ ತಿಳೀತು.

ಆ ಹುಡುಗನ ಕೈ ನೋಡಬೇಕು. ಸಾಲಾಗಿ ಲೋಟ, ಒಂದೊಂದಕ್ಕೂ ಡಿಕಾಕ್ಷನ್ ಬೇರೆ ಬೇರೆ ಎತ್ತರ. ಸಕ್ಕರೆ ಚಮಚ ಒಂದಕ್ಕೆ ಪೂರ್ತಿ, ಒಂದಕ್ಕೆ ಅಂಚಿನಲ್ಲಿ ತಟ್ಟಿ ಅರ್ಧ, ಒಂದನ್ನು ದಾಟಿಕೊಂಡೇ ಹೋಗುತ್ತೆ. ಮೇಲಿಂದ ಹಾಲು. ಅಜ್ಜಿಯ ಲೋಟವನ್ನ ಎರಡು ಸಲ ಎತ್ತಿ ಸುರಿದು ಆರಿಸಿದ. ಅವನ ಊರು ಒಡಿಶಾ ಅಂತ ಆಮೇಲೆ ಗೊತ್ತಾಯ್ತು. ಕನ್ನಡ ಬರುತ್ತಾ ಅಂದರೆ ‘ಇಲ್ಲ ಸಾರ್’ ಅಂದ. ಕಮ್ಮಿ, ಜಾಸ್ತಿ, ಬೇಡ, ಬೈ ಟೂ, ಇಷ್ಟು ಮಾತ್ರ ಬನಶಂಕರಿಯಲ್ಲೇ ಹುಟ್ಟಿದವನ ಹಾಗೆ ಆಡ್ತಿದ್ದ.

ನನ್ನ ಸಹೋದ್ಯೋಗಿ ಚೀಟಿ ತೋರಿಸಿ ಕೇಳಿದ, ಇದೆಲ್ಲ ಇದರಲ್ಲಿ ಎಲ್ಲಿ ಬರೆದಿದೆ? ಚೀಟಿಯಲ್ಲಿ ಇದ್ದದ್ದು ಎರಡೇ: ಕಾಫಿ, 1.

ಊರ ಹೊರಗಿದ್ದು ನೋಡಿದವನಿಗೆ ಬೆಂಗಳೂರಿನ ಹೋಟೆಲ್ಲಿನ ಸುಖ ಇರೋದು ಆ ಚೀಟಿಯಲ್ಲಿ ಇಲ್ಲದಿರೋದರಲ್ಲಿ ಅನ್ನಿಸುತ್ತೆ. ಟೋಕಿಯೊದಲ್ಲಿ ಕೊಡುವವರು ಇದೇ ಸರಿಯಾದ ರುಚಿ ಅಂತ ತೀರ್ಮಾನಿಸಿ, ವರ್ಷಗಟ್ಟಲೆ ತಿದ್ದಿ ತೀಡಿ, ನಿಮ್ಮ ಮುಂದೆ ಇಡ್ತಾರೆ. ನಿಮ್ಮ ಕೆಲಸ ಅದನ್ನ ತಿನ್ನೋದು. ಸೋಬಾನೋ, ಗೋಧಿ ಹಿಟ್ಟಿನ ದಪ್ಪ ಶಾವಿಗೆ ಉದೋನೋ ಅಂತ ಕೇಳ್ತಾರೆ. ಹಕಾತಾ ಶೈಲಿಯ ರಾಮೆನ್ ಅಂಗಡಿಯಲ್ಲಿ ಶಾವಿಗೆ ಎಷ್ಟು ಗಟ್ಟಿ ಬೇಯಲಿ ಅಂತಲೂ ಕೇಳ್ತಾರೆ. ಆದರೆ ಪ್ರಶ್ನೆ ಅವರದ್ದು, ಉತ್ತರಗಳ ಪಟ್ಟಿಯೂ ಅವರದ್ದೇ. ನಮ್ಮಲ್ಲಿ ಪ್ರಶ್ನೆ ಗಿರಾಕಿಯದ್ದು. ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರಬೇಡಿ, ಪಲ್ಯ ಪಕ್ಕದಲ್ಲಿ ಇಡಿ, ವಡೆ ಸಾಂಬಾರಲ್ಲಿ ಅದ್ದಬೇಡಿ, ಖಾರಾಬಾತ್ ಕೇಸರಿಬಾತ್ ಒಂದಕ್ಕೊಂದು ತಾಗದ ಹಾಗೆ ಹಾಕಿ. ಈ ಕೊನೆಯದು ನನ್ನ ತಮ್ಮನದ್ದು. ನಲವತ್ತು ದಾಟಿದರೂ ಬಿಟ್ಟಿಲ್ಲ.

ಇದಕ್ಕೆ ಎದುರು ಉದಾಹರಣೆ ಕೊಡೋಕೆ ದೂರ ಹೋಗಬೇಕಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರ್ ಕೇಳಿ ನೋಡಿ. 1965ರಿಂದ ನಡೀತಿರೋ ಜಾಗ, ಸಾಂಬಾರ್ ಇಲ್ಲ ಅಂದರೆ ಇಲ್ಲ. ಅಲ್ಲಿ ಅದೇ ಧರ್ಮ. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಶುಕ್ರವಾರ ಬಾಗಿಲು ತಟ್ಟಿದರೂ ದೋಸೆ ಸಿಗೋಲ್ಲ. ಹಳೇ ಹೋಟೆಲುಗಳಿಗೆ ತಮ್ಮದೇ ‘ಚೊತ್ತೊ’ ಇತ್ತು, ಇದೆ. ಆದರೂ ಶಂಕರಪುರದಲ್ಲಿ ಚಟ್ನಿ ಇನ್ನೊಂದು ಸಲ, ಮತ್ತೊಂದು ಸಲ ಅಂತ ತಟ್ಟೆ ಚಾಚಿದರೆ ಯಾರೂ ಲೆಕ್ಕ ಇಡೋಲ್ಲ. ಟೋಕಿಯೊದಲ್ಲಿ ಎರಡನೇ ಸಲ ಏನನ್ನಾದರೂ ಕೇಳೋಕೆ ನನಗೆ ಈಗಲೂ ಗಂಟಲು ಒಣಗುತ್ತೆ.

ಅಲ್ಲಿನದ್ದನ್ನ ಬರೀ ದೂರೋದು ಅನ್ಯಾಯ. ಕೂತ ಕೂಡಲೇ ಕೇಳದೇ ನೀರು ಬರುತ್ತೆ, ಬಿಟ್ಟಿ. ಕೈ ಒರೆಸೋಕೆ ಒದ್ದೆ ಟವಲು ಬರುತ್ತೆ. ಟಿಪ್ಸ್ ಇಲ್ಲವೇ ಇಲ್ಲ. ಬಿಟ್ಟು ಬಂದರೆ ಮರೆತು ಹೋಗಿದ್ದೀರಿ ಅಂತ ಹಿಂದೆ ಓಡಿ ಬರ್ತಾರೆ. ಭಾಷೆ ಬಾರದವನ ಪಾಲಿಗೆ ದೇವರ ಹಾಗೆ, ಗಾಜಿನ ಪೆಟ್ಟಿಗೆಯಲ್ಲಿ ಪ್ರತಿ ತಿಂಡಿಯದ್ದೂ ಪ್ಲಾಸ್ಟಿಕ್ ಮಾದರಿ ಇಟ್ಟಿರ್ತಾರೆ. ಹಾಗಂತ ಕೇಳದೇ ಬರೋದೆಲ್ಲ ಬಿಟ್ಟಿಯಲ್ಲ. ಇಜಕಾಯ ಅನ್ನೋ ಅವರ ಕುಡಿಯೋ ಜಾಗಗಳಲ್ಲಿ ಕೂತ ಕೂಡಲೇ ಪುಟ್ಟ ಬಟ್ಟಲಲ್ಲಿ ಏನೋ ತಂದಿಡ್ತಾರೆ, ‘ಓತೋಷಿ’ ಅಂತ. ಆಹಾ ಎಂಥ ಉಪಚಾರ ಅಂದುಕೊಂಡು ಬಿಲ್ಲು ನೋಡಿದರೆ ಅದಕ್ಕೂ ತಲೆಗೆ ಇಷ್ಟು ಯೆನ್ ಅಂತ ಇರುತ್ತೆ. ಇನ್ನೊಂದು ತಮಾಷೆ: 2019ರ ಅಕ್ಟೋಬರಿನಿಂದ ಅಲ್ಲಿ ಕೂತು ತಿಂದರೆ ಶೇ 10 ತೆರಿಗೆ, ಕಟ್ಟಿಸಿಕೊಂಡು ಹೋದರೆ ಶೇ 8. ತಿನ್ನುವುದು ಅದೇ ಬನ್ನು. ಕಟ್ಟಿಕೊಡಿ ಅಂತ ಹೇಳಿಬಿಟ್ಟು ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರೋರನ್ನ ಏನು ಮಾಡ್ತಾರೋ, ಗೊತ್ತಿಲ್ಲ; ನಾನೇ ಕೂತಿದ್ದೀನಿ.

ಹೋದ ಡಿಸೆಂಬರಿನಲ್ಲಿ ನನ್ನ ಗರ್ವ ಸ್ವಲ್ಪ ಇಳೀತು. ಇಂದಿರಾನಗರದ ಕಡೆ ಹೊಸ ರೆಸ್ಟೋರೆಂಟಿಗೆ ಮನೆಯವರೆಲ್ಲ ಹೋಗಿದ್ದೆವು. ಕೂರೋಕೆ ಮುಂಚೆ ಫೋನ್ ನಂಬರ್ ಕೇಳಿದರು. ಮೆನು ಕಾರ್ಡ್ ಇಲ್ಲ, ಮೇಜಿನ ಮೇಲಿನ ಚೌಕಳಿ ಸ್ಕ್ಯಾನ್ ಮಾಡಬೇಕು. ಅಮ್ಮನಿಗೆ ಕನ್ನಡಕ ಹಾಕಿಕೊಂಡರೆ ಫೋನ್ ಕಾಣೋಲ್ಲ, ತೆಗೆದರೆ ಮೆನು ಕಾಣೋಲ್ಲ. ಮಗಳಿಗೆ ಏಳು ವರ್ಷ, ಟೋಕಿಯೊದಲ್ಲಿ ಬೆಳೆದ ನಾಲಿಗೆ. ಸಪ್ಲೈಯರ್ ಹುಡುಗನನ್ನ ಕರೆದು ಆ ಕೂರ್ಮಾಗೆ ಸ್ವಲ್ಪ ಖಾರ ಕಮ್ಮಿ ಮಾಡಿಸ್ತೀಯೇನಪ್ಪಾ ಅಂದೆ. ಪಾಪ, ಮುಖ ಸಣ್ಣ ಮಾಡಿಕೊಂಡ. ‘ಸಾರ್, ಗ್ರೇವಿ ಸೆಂಟ್ರಲ್ ಕಿಚನ್‌ನಿಂದ ಬರುತ್ತೆ. ಇಲ್ಲಿ ಬಿಸಿ ಮಾಡೋದಷ್ಟೇ.’ ಉಸಿರೆಳೆದುಕೊಂಡಿರಲಿಲ್ಲ, ತಲೆ ಓರೆ ಮಾಡಿರಲಿಲ್ಲ. ಆದರೆ ಆ ಸೋಬಾ ಅಂಗಡಿಯವರ ಮುಖವೇ ನೆನಪಾಯ್ತು.

ಬಿಲ್ಲಿನಲ್ಲಿ ಶೇ 10 ಸೇವಾ ಶುಲ್ಕ ಹಾಕಿದ್ದರು. ಅದು ಕಡ್ಡಾಯ ಅಲ್ಲ, ತಾನಾಗೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿದಿದೆ. ತಮ್ಮ ಅದನ್ನ ಹೇಳಿದ. ‘ತೆಗೀಬೇಕಾ ಸಾರ್?’ ಅಂದ ಹುಡುಗ, ತುಂಬಾ ಸಹಜವಾಗಿ, ದಿನಕ್ಕೆ ಹತ್ತು ಸಲ ಕೇಳೋನ ಹಾಗೆ. ತೆಗೆದ. ಅಂದರೆ ಆ ಇಡೀ ಜಾಗದಲ್ಲಿ ಕೇಳಿದರೆ ಬದಲಾಗೋದು ಬಿಲ್ಲು ಮಾತ್ರ, ಊಟ ಅಲ್ಲ.

ಸೆಂಟ್ರಲ್ ಕಿಚನ್ ಯಾಕೆ ಅನ್ನೋದು ನನಗೆ ಅರ್ಥವಾಗದ್ದೇನಲ್ಲ. ಹತ್ತು ಶಾಖೆ ಇದ್ದರೆ ಹತ್ತೂ ಕಡೆ ಒಂದೇ ರುಚಿ ಬೇಕು, ಒಳ್ಳೇ ಭಟ್ಟರು ಹತ್ತು ಜನ ಸಿಗೋಲ್ಲ, ಬಾಡಿಗೆ ಕಟ್ಟೋ ಜಾಗದಲ್ಲಿ ದೊಡ್ಡ ಅಡುಗೆಮನೆ ಇಡೋಕಾಗಲ್ಲ. ಆನ್‌ಲೈನ್ ಆರ್ಡರಿನಲ್ಲಿ ಸೂಚನೆ ಬರೆಯೋಕೆ ಒಂದು ಖಾನೆ ಇರುತ್ತೆ, ನಿಜ. ತಮ್ಮ ಅದರಲ್ಲಿ ಪ್ರತಿ ಸಲ ಖಾರಾಬಾತ್ ಕೇಸರಿಬಾತ್ ಬೇರೆ ಇಡಿ ಅಂತ ಬರೀತಾನೆ. ಹುಂಡಿಗೆ ಚೀಟಿ ಹಾಕಿದ ಹಾಗೆ.

ಕೇಳೋ ಹಕ್ಕನ್ನ ನಾವು ಬಳಸೋ ರೀತಿಯೂ ಅಂಥ ಚೆಂದ ಏನಿಲ್ಲ, ಅದನ್ನೂ ಹೇಳಬೇಕು. ಚಿಟಿಕೆ ಹೊಡೀತೀವಿ. ‘ಏಯ್’ ಅಂತೀವಿ. ಕಾಫಿ ಹಾಕೋನ ಮುಖ ನೋಡೋಲ್ಲ. ತಟ್ಟೆಯನ್ನ ಟಬ್ಬಿಗೆ ಬಿಸಾಕಿ ಹೋಗ್ತೀವಿ. ಟೋಕಿಯೊದಲ್ಲಿ ಹತ್ತು ನಿಮಿಷದ ಸೋಬಾ ತಿಂದವನೂ ಹೊರಡುವಾಗ ಒಳಗಿನವರಿಗೆ ಕೇಳಿಸೋ ಹಾಗೆ ‘ಗೊಚಿಸೋಸಮ’ ಅಂತಾನೆ, ಒಳ್ಳೇ ಊಟ ಆಯ್ತು ಅಂತ. ಆ ಅಭ್ಯಾಸದಲ್ಲಿ ಒಂದು ದಿನ ಬಸವನಗುಡಿಯಲ್ಲಿ ದೋಸೆ ಹೆಂಚಿನ ಮುಂದಿದ್ದವರಿಗೆ ‘ದೋಸೆ ಚೆನ್ನಾಗಿತ್ತು’ ಅಂದೆ. ಅವರು ಪೊರಕೆ ಎತ್ತಿ ಹಿಡಿದು, ಹೆಂಚಿಗೆ ನೀರು ಚಿಮುಕಿಸೋದು ನಿಲ್ಲಿಸಿ, ಅನುಮಾನದಿಂದ ನೋಡಿದರು. ‘ಯಾಕ್ ಸಾರ್, ಏನಾಯ್ತು?’

ವಾಪಸ್ ಹೊರಡೋ ಹಿಂದಿನ ದಿನ ಅಮ್ಮನ ಜೊತೆ ಅವರ ಮಾಮೂಲಿ ದರ್ಶಿನಿಗೆ ಹೋದೆ. ಗಲ್ಲಾದಲ್ಲಿ ಕೂರ್ತಿದ್ದವರ ಜಾಗದಲ್ಲಿ ಈಗ ಆಳೆತ್ತರದ ಟಚ್ ಸ್ಕ್ರೀನ್. ಟೋಕಿಯೊದಲ್ಲಿ ಪಳಗಿದ ಕೈ, ನಾನೇ ಚಕಚಕ ಒತ್ತಿದೆ. ಎರಡು ಇಡ್ಲಿ, ಒಂದು ವಡೆ, ಎರಡು ಕಾಫಿ, ಯುಪಿಐ, ಚೀಟಿ. ಅಮ್ಮ ಸ್ಕ್ರೀನನ್ನೇ ನೋಡ್ತಾ ನಿಂತಿದ್ದರು.

‘ಸಕ್ಕರೆ ಕಮ್ಮಿ ಅಂತ ಎಲ್ಲಿ ಒತ್ತಿದೆ?’

‘ಅದು ಇದರಲ್ಲಿ ಇಲ್ಲಮ್ಮ.’

‘ಮತ್ತೆ ಆ ಹುಡುಗನಿಗೆ ಹೇಗೆ ಗೊತ್ತಾಗುತ್ತೆ?’

ನನ್ನ ಕೈಯಿಂದ ಚೀಟಿ ತಗೊಂಡು ತಾವೇ ಕಾಫಿ ಕೌಂಟರಿಗೆ ಹೋದರು. ಅವರ ತಲೆ ಕಂಡ ಕೂಡಲೇ ಅವನು ಒಂದು ಲೋಟ ಪಕ್ಕಕ್ಕೆ ಎಳೆದಿಟ್ಟುಕೊಂಡ. ಸಕ್ಕರೆ ಚಮಚ ಅಂಚಿಗೆ ತಟ್ಟಿದ. ಹಾಲು ಹಾಕಿ ಕೊಟ್ಟ. ಅಮ್ಮ ಅಲ್ಲೇ ನಿಂತು ಒಂದು ಗುಟುಕು ಕುಡಿದು, ಲೋಟ ವಾಪಸ್ ಚಾಚಿದರು.

‘ಡಿಕಾಕ್ಷನ್ ಇನ್ನೊಂಚೂರು.’