ವಿಕಿಪೀಡಿಯ: ಹೊಸಬರು ತಿದ್ದಿದ್ದು ತಕ್ಷಣ ಕಾಣಬೇಕೇ?

ವಿಕಿಪೀಡಿಯದ ಬಹುತೇಕ ಭಾಷಾ ಆವೃತ್ತಿಗಳಲ್ಲಿ ಯಾರು ಬೇಕಾದರೂ ‘ಸಂಪಾದಿಸಿ’ ಒತ್ತಿ ತಪ್ಪು ತಿದ್ದಬಹುದು. ಉಳಿಸಿದ ಮರುಕ್ಷಣ ಅದು ಎಲ್ಲರಿಗೂ ಕಾಣುತ್ತದೆ. ಜರ್ಮನ್ ಆವೃತ್ತಿ 2008ರ ಮೇ ತಿಂಗಳಿಂದ ಬೇರೆ ದಾರಿ ಹಿಡಿದಿದೆ: ಅಲ್ಲಿ ಹೊಸಬರ ತಿದ್ದುಪಡಿಯನ್ನು ಪಳಗಿದ ಸಂಪಾದಕರೊಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಸಾಮಾನ್ಯ ಓದುಗರ ಮುಂದೆ ಬರುತ್ತದೆ. ಅಲ್ಲಿಯವರೆಗೆ ಹಳೆಯ ಪಾಠವೇ ಕಾಣುತ್ತಿರುತ್ತದೆ. ಈ ಪದ್ಧತಿ ಎಲ್ಲ ಕಡೆ ಬರಬೇಕೇ, ಇಲ್ಲ ತಿದ್ದಿದ್ದು ತಕ್ಷಣ ಕಾಣಬೇಕೇ?

ಪರ: ತಕ್ಷಣ ಕಾಣಲಿ

ಮೊದಲು ಪರಿಶೀಲನೆ, ಆಮೇಲೆ ಪ್ರಕಟಣೆ ಎನ್ನುವುದನ್ನು ಮಾಡಿ ನೋಡಿಯಾಗಿದೆ. ವಿಕಿಪೀಡಿಯ ಹುಟ್ಟುವ ಮುಂಚೆ, 2000ನೇ ಇಸವಿಯಲ್ಲಿ, ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ನ್ಯೂಪೀಡಿಯ ಎಂಬ ವಿಶ್ವಕೋಶ ಶುರು ಮಾಡಿದ್ದರು. ಬರೆಯುವವರು ವಿಷಯ ಬಲ್ಲವರಾಗಿರಬೇಕು, ಬರೆದದ್ದು 7 ಹಂತಗಳನ್ನು ದಾಟಬೇಕು. 2003ರಲ್ಲಿ ಅದು ನಿಂತುಹೋದಾಗ ಎಲ್ಲ ಹಂತ ದಾಟಿದ್ದ ಲೇಖನಗಳು ಮೂವತ್ತೂ ಇರಲಿಲ್ಲ. ಅದಕ್ಕೆ ಕಚ್ಚಾ ಬರಹ ಒದಗಿಸಲೆಂದು 2001ರ ಜನವರಿ 15ರಂದು ಪಕ್ಕದಲ್ಲೇ ತೆರೆದ ವಿಕಿಪೀಡಿಯ ಮೊದಲ ವರ್ಷದಲ್ಲೇ ಸಾವಿರಾರು ಲೇಖನ ಕಂಡಿತು. ತಜ್ಞರು ಕೆಲಸಕ್ಕೆ ಬಾರದವರು ಎಂದಲ್ಲ. ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರನ್ನು ಸರದಿಯಲ್ಲಿ ಕಾಯಿಸಿದರೆ ಅವರು ಎದ್ದು ಹೋಗುತ್ತಾರೆ, ಅಷ್ಟೆ.

ದಿನವೂ ನಡೆಯುವ ತಿದ್ದುಪಡಿಯಾದರೂ ಎಂಥದ್ದು? ಬಿಟ್ಟುಹೋದ ಒತ್ತಕ್ಷರ, ಸತ್ತ ಕೊಂಡಿ, ಎರಡು ಸಲ ಬಂದ ಸಾಲು. ಕನ್ನಡ ಪುಟಗಳಲ್ಲಿ ತೀರಾ ಮಾಮೂಲಿಯಾದ ಒಂದು ತಪ್ಪು ನೋಡಿ. ಅನುಸ್ವಾರ ‘ಂ’ ಇರಬೇಕಾದ ಕಡೆ ಸೊನ್ನೆ ಅಂಕಿ ‘೦’ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಯೂನಿಕೋಡ್‌ನಲ್ಲಿ ಬೇರೆ ಬೇರೆ. ಹಾಗಾಗಿ ‘ಗ೦ಗ’ ಎಂದು ಸೊನ್ನೆ ಹಾಕಿ ಬರೆದ ಪುಟಕ್ಕೆ ಬೇರೆಯವರು ಸರಿಯಾಗಿ ‘ಗಂಗ’ ಎಂದು ಕೊಂಡಿ ಕೊಟ್ಟರೆ ಅದು ಕೆಂಪಾಗಿ ನಿಲ್ಲುತ್ತದೆ, ಪುಟವೇ ಇಲ್ಲವೆಂಬಂತೆ. ತಿದ್ದುವಾಗ ಅಕ್ಷರದ ಬೆನ್ನಿಗೆ ಅಂಟಿದ ಸೊನ್ನೆಯನ್ನಷ್ಟೇ ಬದಲಿಸಬೇಕು. ‘೧೯೫೦’ರಂಥ ಇಸವಿಯಲ್ಲಿರುವುದನ್ನು ಮುಟ್ಟಬಾರದು. ಚಿತ್ರದ ಫೈಲಿನ ಹೆಸರಲ್ಲಿ ಅದೇ ತಪ್ಪಿದ್ದರೆ ಅದನ್ನೂ ಹಾಗೇ ಬಿಡಬೇಕು, ಹೆಸರು ಒಂದಕ್ಷರ ಬದಲಾದರೂ ಚಿತ್ರ ಮಾಯವಾಗುತ್ತದೆ. ತಪ್ಪು ಪುಟದ ಶೀರ್ಷಿಕೆಯಲ್ಲೇ ಇದ್ದರೆ ಪಠ್ಯ ತಿದ್ದಿ ಪ್ರಯೋಜನವಿಲ್ಲ, ಪುಟವನ್ನು ಸರಿಯಾದ ಹೆಸರಿಗೆ ಸ್ಥಳಾಂತರಿಸಬೇಕು. ಹೊಸಬರು ಕೈ ಹಚ್ಚುವುದೇ ಇಂಥ ಕೆಲಸದಿಂದ. ಇದಕ್ಕೂ ಒಬ್ಬರ ಒಪ್ಪಿಗೆ ಬೇಕೆಂದರೆ ಒಪ್ಪುವವರಿಗೆ ಮೊಹರು ಒತ್ತುವುದೇ ಕೆಲಸವಾದೀತು.

ತಕ್ಷಣ ಕಾಣುವುದೆಂದರೆ ಯಾರೂ ನೋಡುವುದಿಲ್ಲ ಎಂದರ್ಥವಲ್ಲ. ಬೈಗುಳ ಸೇರಿಸಹೊರಟರೆ ಉಳಿಸುವ ಮುಂಚೆಯೇ ಸ್ವಯಂಚಾಲಿತ ಸೋಸುಕ ತಡೆಯುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲಿ ಕ್ಲೂಬಾಟ್ ಎನ್‌ಜಿ ಎಂಬ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಎದ್ದು ಕಾಣುವ ಹಾಳುಗೆಡವುವಿಕೆಯನ್ನು ಕ್ಷಣಗಳಲ್ಲೇ ಹಿಂದಕ್ಕೆ ತರುತ್ತದೆ. ಅದರ ಮೇಲೆ ‘ಇತ್ತೀಚಿನ ಬದಲಾವಣೆಗಳು’ ಪುಟ ಕಾಯುವವರು, ತಮ್ಮ ವೀಕ್ಷಣಾಪಟ್ಟಿಗೆ ಆ ಲೇಖನ ಹಾಕಿಕೊಂಡವರು ಇದ್ದಾರೆ. ಲೇಖನದ ಇತಿಹಾಸ ಪುಟದಲ್ಲಿ ಅದರ ಹಿಂದಿನ ಪಾಠಗಳೆಲ್ಲ ಇರುತ್ತವೆ. ಕೆಟ್ಟದ್ದನ್ನು ತೆಗೆಯಲು ಬೇಕಾದದ್ದು ಎರಡು ಕ್ಲಿಕ್.

ಸರದಿಯ ನಿಜವಾದ ತೊಡಕು ಬೇರೆ. ಒಪ್ಪಿಗೆಯಾಗದ ಒಂದು ತಿದ್ದುಪಡಿಯ ಮೇಲೆ ಇನ್ನೊಬ್ಬರು, ಅದರ ಮೇಲೆ ಮತ್ತೊಬ್ಬರು ತಿದ್ದುತ್ತಾರೆ. ಮೂರು ದಿನ ಬಿಟ್ಟು ಬಂದ ಪರಿಶೀಲಕನ ಮುಂದೆ ಒಳ್ಳೆಯದು ಕೆಟ್ಟದು ಕಲಸಿಹೋದ ಐದಾರು ಬದಲಾವಣೆಗಳ ಗಂಟು. ಬಿಡಿಸಲು ಬೇಸರವಾಗಿ ಆತ ಪಕ್ಕದ ಸುಲಭದ ಪುಟಕ್ಕೆ ಹೋಗುತ್ತಾನೆ, ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಜರ್ಮನ್ ಆವೃತ್ತಿಯಲ್ಲಿ ವಾರಗಟ್ಟಲೆ ಕಾದ ತಿದ್ದುಪಡಿಗಳಿವೆ, ಅಷ್ಟು ದೊಡ್ಡ ಬಳಗವಿದ್ದೂ. ಬೆರಳೆಣಿಕೆಯ ಸಂಪಾದಕರಿರುವ ಭಾಷೆಗಳಲ್ಲಿ ಪರಿಶೀಲಿಸುವವರು ಯಾರು? ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ಆವೃತ್ತಿಯಲ್ಲಿ ಆ ಭಾಷೆ ಸರಿಯಾಗಿ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಳ ಕಾಲ ಸಾವಿರಾರು ಲೇಖನ ಬರೆದದ್ದು 2020ರಲ್ಲಿ ಬಯಲಾಯಿತು. ಆತ ಅಲ್ಲಿ ನಿರ್ವಾಹಕನೂ ಆಗಿದ್ದ. ಪರಿಶೀಲನೆ ಜಾರಿಯಲ್ಲಿದ್ದಿದ್ದರೆ ಒಪ್ಪಿಗೆ ಕೊಡುವ ಅಧಿಕಾರ ಅವನದೇ ಆಗಿರುತ್ತಿತ್ತು! ತಪ್ಪು ಹೊರಬಿದ್ದದ್ದು ಹೊರಗಿನ ಓದುಗರಿಂದ.

ಕಿಡಿಗೇಡಿಗಳ ಕಣ್ಣು ಬಿದ್ದ ಪುಟಗಳಿಗೆ ಬೀಗ ಹಾಕುವ ಸೌಲಭ್ಯ ಈಗಾಗಲೇ ಇದೆ. ಇಂಗ್ಲಿಷ್ ಆವೃತ್ತಿ 2012ರ ಕೊನೆಯಿಂದ ಆಯ್ದ ಪುಟಗಳಿಗೆ ಮಾತ್ರ ಒಪ್ಪಿಗೆಯ ಪದ್ಧತಿ ಇಟ್ಟುಕೊಂಡಿದೆ. ಅಷ್ಟು ಸಾಕು.

ವಿರೋಧ: ನೋಡಿಯೇ ಬಿಡಬೇಕು

‘ಆಮೇಲೆ ತೆಗೆದರಾಯಿತು’ ಎನ್ನುವಾಗ ಆ ಆಮೇಲೆ ಎಷ್ಟು ದೂರ? 2005ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗನ್‌ಥಾಲರ್ ಅವರ ಪುಟದಲ್ಲಿ, ಕೆನಡಿ ಸೋದರರ ಹತ್ಯೆಗಳಲ್ಲಿ ಅವರ ಕೈವಾಡದ ಶಂಕೆಯಿತ್ತು ಎಂದು ಅನಾಮಿಕನೊಬ್ಬ ತಮಾಷೆಗೆ ಬರೆದ. ಸುಮಾರು 4 ತಿಂಗಳು ಅದು ಹಾಗೇ ಇತ್ತು. ವಿಕಿಪೀಡಿಯದಲ್ಲಿ ಅಳಿಸಿದ ಮೇಲೂ ಅಲ್ಲಿಂದ ನಕಲು ಮಾಡಿಕೊಂಡಿದ್ದ ಬೇರೆ ತಾಣಗಳಲ್ಲಿ ಉಳಿದಿತ್ತು. ಎರಡು ಕ್ಲಿಕ್‌ನಲ್ಲಿ ಹಿಂದಕ್ಕೆ ತರುವ ಸೌಲಭ್ಯ ಇದ್ದದ್ದು ಇಲ್ಲಿ ಮಾತ್ರ.

ಬೈಗುಳವನ್ನು ಬಾಟ್ ಹಿಡಿಯುತ್ತದೆ, ನಿಜ. 1956 ಇದ್ದದ್ದನ್ನು 1965 ಮಾಡಿ, ತಿದ್ದುಪಡಿಯ ಸಾರಾಂಶದಲ್ಲಿ ‘ಕಾಗುಣಿತ’ ಎಂದು ಬರೆದು ಹೋದವನನ್ನು ಯಾವ ಬಾಟ್ ಹಿಡಿಯುತ್ತದೆ? ಅದನ್ನು ಪತ್ತೆ ಮಾಡಲು ಮನುಷ್ಯನೇ ಬೇಕು, ಕೆಲಸವೂ ಸಣ್ಣದಲ್ಲ. ತಿದ್ದುವ ಮುಂಚಿನ, ಆಮೇಲಿನ ಪಾಠಗಳ ವ್ಯತ್ಯಾಸ ತೆರೆಯಬೇಕು, ಪಕ್ಕದ ಉಲ್ಲೇಖ ತೆಗೆದು ಮೂಲದಲ್ಲಿ ಯಾವ ಇಸವಿ ಇದೆ ನೋಡಬೇಕು, ಇನ್ಫೋಬಾಕ್ಸ್ (ಪುಟದ ಪಕ್ಕದ ಮಾಹಿತಿ ಚೌಕ), ಪೀಠಿಕೆ, ಒಳಗಿನ ಪ್ಯಾರಾ ಮೂರರಲ್ಲೂ ಒಂದೇ ಅಂಕಿ ಇದೆಯೇ ಎಂದು ತಾಳೆ ಹಾಕಬೇಕು. ಇನ್ಫೋಬಾಕ್ಸ್ ಅಂಕಿಯನ್ನು ಎಲ್ಲ ಆವೃತ್ತಿಗಳಿಗೂ ಒಂದೇ ಆದ ವಿಕಿಡೇಟಾ ಎಂಬ ದತ್ತಾಂಶ ಕೋಶದಿಂದ ಎಳೆದುಕೊಳ್ಳುತ್ತಿದ್ದರೆ ಪುಟದ ಸಂಪಾದನಾ ಪಠ್ಯದಲ್ಲಿ ಎಷ್ಟು ಹುಡುಕಿದರೂ ಆ ಅಂಕಿ ಸಿಗುವುದಿಲ್ಲ, ವಿಕಿಡೇಟಾಕ್ಕೇ ಹೋಗಿ ತಿದ್ದಬೇಕು. ಸರಿಪಡಿಸುವ ಸಾಧನಕ್ಕೂ ಒಂದು ಕುರುಡುತನವಿದೆ. ರೋಲ್‌ಬ್ಯಾಕ್ ಒತ್ತಿದರೆ ಕೊನೆಯ ಸಂಪಾದಕನ ಸಾಲುಸಾಲು ಬದಲಾವಣೆಗಳಷ್ಟೇ ಹೋಗುತ್ತವೆ. ಅವನಿಗಿಂತ ಮುಂಚೆ ಇನ್ನೊಬ್ಬ ಕೆಡಿಸಿದ್ದರೆ, ಆ ಕೆಟ್ಟ ಪಾಠವೇ ‘ಸರಿಪಡಿಸಿದ ಆವೃತ್ತಿ’ಯಾಗಿ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಉಳಿಯುವ ತಪ್ಪುಗಳಲ್ಲಿ ಇಂಥವು ಸೇರಿವೆ.

ಭಾಷೆ ತಿದ್ದುವುದು ನಿರಪಾಯ ಎಂಬ ನಂಬಿಕೆ ಇನ್ನೂ ದೊಡ್ಡ ಅಪಾಯ. ವಾಕ್ಯ ಬಿಗಿಯಾಗಲೆಂದು ‘ಸುಮಾರು’, ‘ಎನ್ನಲಾಗಿದೆ’, ‘ಇರಬಹುದು’ ಇವನ್ನೆಲ್ಲ ಕಿತ್ತುಹಾಕುವವರಿದ್ದಾರೆ. ‘ಆರೋಪಿ’ ಇದ್ದದ್ದು ‘ಅಪರಾಧಿ’ ಆಗುತ್ತದೆ. ಮೂಲದಲ್ಲಿ ಊಹೆಯಾಗಿದ್ದದ್ದು ಪುಟದಲ್ಲಿ ಸತ್ಯವಾಗಿ ನಿಲ್ಲುತ್ತದೆ, ಕೆಳಗೆ ಅದೇ ಅಡಿಟಿಪ್ಪಣಿ ಸಾಕ್ಷಿ ಹೇಳುತ್ತಿರುತ್ತದೆ. ಇನ್ನೊಂದು ಬಗೆಯೂ ಇದೆ: ಒಂದು ವಾಕ್ಯಕ್ಕೂ ಅದರ ಉಲ್ಲೇಖದ ಸಂಖ್ಯೆಗೂ ನಡುವೆ ಹೊಸ ವಾಕ್ಯವೊಂದನ್ನು ತೂರಿಸುವುದು. ತೂರಿಸಿದವರಿಗೆ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಆದರೂ ಓದುಗನಿಗೆ ಕಾಣುವುದು ಹೊಸ ಮಾತಿಗೆ ಹಳೆಯ ಗ್ರಂಥದ ಬೆಂಬಲ. ಮೂಲ ಕೈಯಲ್ಲಿಲ್ಲದವರಿಗೆ ಇದು ಗೊತ್ತೇ ಆಗುವುದಿಲ್ಲ.

ತಪ್ಪು ಸ್ವಲ್ಪ ಹೊತ್ತು ಕಂಡರೂ ಏನಾಗುತ್ತದೆ ಎನ್ನುವುದಕ್ಕೆ 2009ರ ಫೆಬ್ರವರಿ ಸಾಕ್ಷಿ. ಕಾರ್ಲ್ ಥಿಯೋಡೋರ್ ತ್ಸು ಗುಟೆನ್‌ಬರ್ಗ್ ಜರ್ಮನಿಯ ಆರ್ಥಿಕ ವ್ಯವಹಾರಗಳ ಸಚಿವರಾಗುವ ಹೊತ್ತಿಗೆ, ಸಾಲುದ್ದವಿದ್ದ ಅವರ ಹೆಸರಿಗೆ ಯಾರೋ ‘ವಿಲ್ಹೆಲ್ಮ್’ ಎಂದೊಂದು ಸುಳ್ಳು ಹೆಸರು ಸೇರಿಸಿದರು. ಪತ್ರಿಕೆಗಳು ಅದನ್ನೇ ಎತ್ತಿಕೊಂಡು ಅಚ್ಚು ಹಾಕಿದವು. ವಿಕಿಪೀಡಿಯದಲ್ಲಿ ಅನುಮಾನ ಬಂದಾಗ ಆಧಾರವಾಗಿ ತೋರಿಸಿದ್ದು ಆ ಸುದ್ದಿಯನ್ನೇ. ಜರ್ಮನ್ ಆವೃತ್ತಿಯಲ್ಲಿ ಆಗಲೇ ಒಪ್ಪಿಗೆಯ ಪದ್ಧತಿ ಜಾರಿಯಲ್ಲಿತ್ತಲ್ಲ ಎಂದು ಎದುರು ಪಕ್ಷದವರು ಕೇಳಬಹುದು. ಕೇಳಲೇಬೇಕು. ಆದರೆ ಅಲ್ಲಿನ ಒಪ್ಪಿಗೆ ನೋಡುವುದು ಎದ್ದು ಕಾಣುವ ಕಿಡಿಗೇಡಿತನವನ್ನಷ್ಟೇ, ಸಂಗತಿ ಸರಿಯೇ ಎಂದಲ್ಲ. ಇದರಿಂದ ಗೊತ್ತಾಗುವುದು ಪರಿಶೀಲನೆ ಬೇಡವೆಂದಲ್ಲ, ಅಂಕಿ, ಹೆಸರು, ತಾರೀಖು ಬದಲಾದಾಗ ಅದು ಮೂಲದವರೆಗೆ ಹೋಗಬೇಕು ಎಂದು. ಮೂಲ ತೆರೆದು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷ್ ಆವೃತ್ತಿಯ ‘ಬಿಚೋಲಿಂ ಸಂಘರ್ಷ’ವೇ ಇದೆ. ಪೋರ್ಚುಗೀಸರಿಗೂ ಮರಾಠರಿಗೂ ನಡೆದೇ ಇರದ ಆ ಯುದ್ಧದ ಲೇಖನ 2007ರಲ್ಲಿ ಹುಟ್ಟಿ, ‘ಉತ್ತಮ ಲೇಖನ’ ಎಂಬ ಪಟ್ಟವನ್ನೂ ಪಡೆದು, 2012ರ ಕೊನೆಯವರೆಗೆ ಇತ್ತು. ಅದು ಬಿದ್ದದ್ದು ಅಲ್ಲಿ ಹೆಸರಿಸಿದ ಆಧಾರಗಳನ್ನು ಒಬ್ಬರು ಹುಡುಕಿ, ಅವೇ ಸುಳ್ಳೆಂದು ಕಂಡಾಗ.

ಹೊಸಬರು ಬೇಸತ್ತು ಹೋಗುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅವರನ್ನು ಓಡಿಸುವುದು ಸರದಿಯೊಂದೇ ಅಲ್ಲ. ತಿದ್ದಿದ ಎರಡೇ ನಿಮಿಷಕ್ಕೆ, ಕಾರಣ ಹೇಳದೆ ಯಾರೋ ಅಳಿಸಿಬಿಡುವುದೂ ಓಡಿಸುತ್ತದೆ. ಪೋರ್ಚುಗೀಸ್ ಆವೃತ್ತಿ 2020ರ ಅಕ್ಟೋಬರಿನಿಂದ ಲೇಖನ ತಿದ್ದಲು ಖಾತೆ ಕಡ್ಡಾಯ ಮಾಡಿದೆ, ಅದೇನೂ ಮುಚ್ಚಿಹೋಗಿಲ್ಲ. ಒಂದಷ್ಟು ತಿದ್ದುಪಡಿಗಳು ಸರಿಯೆಂದು ಕಂಡ ಮೇಲೆ ಖಾತೆಗೆ ತಾನಾಗಿ ಒಪ್ಪಿಗೆ ಸಿಗುವಂತೆ ಮಾಡಬಹುದು. ಆಗ ಸರದಿಯಲ್ಲಿ ಉಳಿಯುವುದು ನಿಜವಾಗಿ ಹೊಸಬರದ್ದು ಮಾತ್ರ. ಬಾಕಿ ಬೆಳೆದರೆ ವಿಂಗಡಿಸುವ ದಾರಿಯೂ ಇದೆ. ಬದುಕಿರುವವರ ಪುಟಗಳು ಮೊದಲು, ಆಮೇಲೆ ಅಂಕಿ ಬದಲಾದ ಪುಟಗಳು. ಬರೀ ಒತ್ತಕ್ಷರ, ಅನುಸ್ವಾರ ಬದಲಾದವು ಕೊನೆಗೆ. ಅವು ನಾಲ್ಕು ದಿನ ತಡವಾಗಿ ಕಂಡರೆ ಯಾರ ಮಾನವೂ ಹೋಗುವುದಿಲ್ಲ.