ಬದುವಿನ ಕಲ್ಲನ್ನೂ ನಕ್ಷೆಗೆ ಸೇರಿಸಿ
ಡ್ರೋನ್ ಸರ್ವೆ ಮಾಡಿಸಿ ಹಳ್ಳಿಗಳ ಯೋಜನೆ ರೂಪಿಸಬೇಕು ಎಂಬ ಲೇಖನದ ಮಾತು ಸರಿ. ಆದರೆ ಮೇಲಿಂದ ಮನೆ ಮಾಳಿಗೆ ಕಾಣುತ್ತದೆ, ಬದುವಿನಲ್ಲಿ ಅರ್ಧ ಹೂತ ವೀರಗಲ್ಲು ಕಾಣುವುದಿಲ್ಲ. ಕೊಪ್ಪಳ ಕಡೆ ಇಂಥವು ಜಾಸ್ತಿ.

ನಮ್ಮೂರ ಹನುಮಪ್ಪನ ಗುಡಿ ಹಿಂದೆ ಒಂದು ಶಾಸನದ ಕಲ್ಲಿತ್ತು. ಅದರ ಮೇಲೆ ಬಟ್ಟೆ ಒಗೆದು ಒಗೆದು ಅರ್ಧ ಅಕ್ಷರ ಸವೆದಿದ್ದವು. ರಸ್ತೆ ಅಗಲ ಮಾಡುವಾಗ ಜೆಸಿಬಿ ಅದನ್ನು ಎತ್ತಿ ಚರಂಡಿಗೆ ಹಾಕಿತು. ನಕ್ಷೆಯಲ್ಲಿ ಒಂದು ಗುರುತಿದ್ದರೆ ಉಳಿಯುತ್ತಿತ್ತು, ಅಲ್ವಾ?

ಇಂಥ ಒಂದು ಕಲ್ಲು ಎಷ್ಟು ಮುಖ್ಯ ನೋಡಿ: ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆಯ ಶಾಸನದಲ್ಲೇ ಅಶೋಕ ಚಕ್ರವರ್ತಿಯ ಹೆಸರು ಸಿಕ್ಕಿದ್ದು.

ಸರ್ವೆಯವರೇ, ಸುಮ್ನೆ ಪಹಣಿ ನೋಡಿ ಹೋಗಬೇಡಿ. ಕುರಿ ಕಾಯುವವರನ್ನು ಜೊತೆಗೆ ಕರೆದುಕೊಂಡು ಹೊಲ, ಹಳ್ಳ, ಗುಡ್ಡ ಸುತ್ತಿ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳಿಗೆ, ಅಂದರೆ ಪ್ರಾಚೀನ ಕಲ್ಲಿನ ಗೋರಿಗಳಿಗೆ, ಮೋರ್ಯರ ಮನೆ ಅಂತ ಹೆಸರಿಟ್ಟು ಉಳಿಸಿಕೊಂಡವರು ನಮ್ಮ ಜನರೇ.